ಮಣ್ಣಿನ ಬ್ಲಾಕ್ ಮನೆ: ಮಣ್ಣು ಪರೀಕ್ಷೆಯಿಂದ ಗೋಡೆ ಏಳುವವರೆಗೆ

ಮೈಸೂರು, ಮಂಡ್ಯ ಸುತ್ತಮುತ್ತ ಮಣ್ಣಿನ ಬ್ಲಾಕಿನಲ್ಲಿ (ಮಣ್ಣಿಗೆ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿ ಮಾಡುವ, ಸುಡದ ಇಟ್ಟಿಗೆ) ಮನೆ ಕಟ್ಟಲು ಹೊರಟವರ ದೂರುಗಳು ಹೆಚ್ಚೂಕಡಿಮೆ ಒಂದೇ ಥರ. ಬ್ಲಾಕಿನ ಮೂಲೆ ಉದುರುತ್ತಿದೆ, ಏನು ಮಾಡೋದು? ಗೋಡೆ ಎದ್ದ ಮೇಲೆ ಬಿರುಕು ಕಾಣಿಸಿಕೊಂಡಿದೆ, ಯಾಕೆ? ಸಿಮೆಂಟ್ ಜಾಸ್ತಿ ಹಾಕಿದರೂ ಗಟ್ಟಿ ಬರುತ್ತಿಲ್ಲವಲ್ಲ? ವಿಚಾರಿಸುತ್ತಾ ಹೋದರೆ ಬಹುತೇಕ ಕಡೆ ತಪ್ಪಿರುವುದು ಕೆಲಸದ ಕ್ರಮ. ಮೊದಲು ಯಂತ್ರ ಬಾಡಿಗೆಗೆ ತರಿಸುತ್ತಾರೆ, ಆಮೇಲೆ ಆಳುಗಳನ್ನು ಗೊತ್ತು ಮಾಡುತ್ತಾರೆ, ಎಲ್ಲಾ ಆದ ಮೇಲೆ ಮಣ್ಣಿನ ಕಡೆ ತಿರುಗುತ್ತಾರೆ. ಅಷ್ಟು ಹೊತ್ತಿಗೆ ಬಾಡಿಗೆ ಓಡುತ್ತಿರುತ್ತದೆ. ಇರೋ ಮಣ್ಣಲ್ಲೇ ಒತ್ತಿಬಿಡಿ ಅನ್ನುವ ಅವಸರ ಶುರುವಾಗುತ್ತದೆ.

ಯಂತ್ರ ಕೊನೆಗೆ ಬರಬೇಕಾದದ್ದು. ಮಣ್ಣು ಮೊದಲು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ನಡುವೆ ಒಂದನ್ನು ಹಾರಿಸಿದರೆ ಅದರ ಲೆಕ್ಕ ಮುಂದಿನ ಹಂತದಲ್ಲಿ ಚುಕ್ತಾ ಆಗುತ್ತದೆ.

## ಕೈಗೆ ಬೇಕಾದ ಸಾಮಾನು

ಪರೀಕ್ಷೆಗೆ: ನೆಟ್ಟಗಿನ ಗೋಡೆಯ ಒಂದು ಲೀಟರಿನ ಗಾಜಿನ ಬಾಟಲಿ, ಅಳತೆಪಟ್ಟಿ, 60 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲ, 4 ಸೆಂ.ಮೀ. ಆಳದ ಮರದ ಪೆಟ್ಟಿಗೆ, ಒಂದು ಬಕೆಟ್.

ಬ್ಲಾಕ್ ಮಾಡಲು: 5 ಮಿ.ಮೀ. ಕಣ್ಣಿನ ಜರಡಿ, ಸನಿಕೆ, ಬಾಂಡ್ಲಿ, ತಕ್ಕಡಿ, ರೋಸ್ (ತೂತು ತೂತಿನ ಮೂತಿ) ಇರುವ ನೀರಿನ ಕ್ಯಾನ್, ದಪ್ಪ ಪ್ಲಾಸ್ಟಿಕ್ ಹಾಳೆ, ನೆರಳಿಗೆ ತೆಂಗಿನ ಗರಿ ಅಥವಾ ಹಸಿರು ನೆಟ್. ಯಂತ್ರ ಅಂದರೆ ಕೈಯಲ್ಲಿ ಒತ್ತುವ ಮರ್ದಿನಿ ಥರದ್ದಾದರೂ ಸರಿ, ಹೈಡ್ರಾಲಿಕ್ ಆದರೂ ಸರಿ. ಈ ಪಟ್ಟಿಯಲ್ಲಿ ಜನ ಮೊದಲು ಬಿಡುವುದು ತಕ್ಕಡಿ. ಅದನ್ನು ಮಾತ್ರ ಬಿಡಬೇಡಿ, ಕಾರಣ ಏಳನೇ ಹಂತದಲ್ಲಿದೆ.

ಗೋಡೆಗೆ ಮಾಮೂಲಿ ಗಾರೆ ಸಾಮಾನು ಸಾಕು: ಕರಣೆ, ತೂಕದ ಗುಂಡು, ರಸಮಟ್ಟ, ದಾರ.

## 1. ತಿಂಗಳು ಗೊತ್ತು ಮಾಡಿಕೊಳ್ಳಿ

ನಮ್ಮ ಕಡೆ ಏಪ್ರಿಲ್, ಮೇ ಬಂತೆಂದರೆ ಸಂಜೆ ಹೊತ್ತು ಗುಡುಗು ಮಳೆ ಶುರು. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮತ್ತೆ ಜೋರು. ಹಾಗಾಗಿ ಬ್ಲಾಕ್ ಒತ್ತಲು ಡಿಸೆಂಬರ್, ಜನವರಿ ಒಳ್ಳೆಯ ಕಾಲ. ಫೆಬ್ರವರಿಗೆ ಬ್ಲಾಕ್ ಗೋಡೆಗೆ ಸಿದ್ಧ, ಮೇ ಮಳೆಗೆ ಮುಂಚೆ ಮೇಲ್ಛಾವಣಿ.

ಮಂಡ್ಯ ಕಡೆಯವರಿಗೆ ಒಂದು ಮಾತು. ಡಿಸೆಂಬರ್ ಅಂದರೆ ಭತ್ತದ ಕಟಾವು, ಜೊತೆಗೆ ಕಬ್ಬು ಕಡಿಯುವ ಕೆಲಸ. ಆಳು ಸಿಗೋದು ಕಷ್ಟ. ಮುಂಚೆಯೇ ಮಾತಾಡಿ ಇಟ್ಟುಕೊಳ್ಳಿ, ಇಲ್ಲವೇ ಸಂಕ್ರಾಂತಿ ಕಳೆದ ಮೇಲೆ ಶುರು ಮಾಡಿ.

## 2. ಮಣ್ಣು ತೆಗೆಯಿರಿ

ಪಾಯಕ್ಕೂ ಸಂಪಿಗೂ ಹೇಗೂ ಅಗೆಯುತ್ತೀರಿ. ಆ ಮಣ್ಣನ್ನು ಟ್ರ್ಯಾಕ್ಟರಿಗೆ ತುಂಬಿಸಿ ಕಳಿಸಿಬಿಟ್ಟು, ಆಮೇಲೆ ಬೇರೆ ಕಡೆಯಿಂದ ದುಡ್ಡು ಕೊಟ್ಟು ಮಣ್ಣು ತರಿಸುವವರೂ ಇದ್ದಾರೆ! ಸೈಟಿನ ಒಂದು ಮೂಲೆ ಖಾಲಿ ಇಟ್ಟುಕೊಂಡು ಅಲ್ಲೇ ರಾಶಿ ಹಾಕಿಸಿ.

ರಾಶಿ ಒಂದೇ ಮಾಡಬೇಡಿ. ಮೂರು ಮಾಡಿ. ಮೇಲಿನ ಒಂದು ಅಡಿ ಮಣ್ಣಿನಲ್ಲಿ ಬೇರು, ಎಲೆ, ಗೊಬ್ಬರದ ಅಂಶ ಇರುತ್ತದೆ. ಅದು ಬ್ಲಾಕಿಗೆ ಬೇಡ, ಸಿಮೆಂಟ್ ಹಿಡಿಯುವುದಿಲ್ಲ. ಹಿತ್ತಲಿನ ಗಿಡಗಳಿಗೆ ಎತ್ತಿಡಿ. ಅದರ ಕೆಳಗಿನ ಕೆಂಪು ಮಣ್ಣೇ ನಿಮ್ಮ ಸರಕು. ಇನ್ನೂ ಆಳಕ್ಕೆ ಹೋದರೆ ಕೆಲವು ಸೈಟುಗಳಲ್ಲಿ ಹಳದಿ, ಬೂದು ಬಣ್ಣದ, ಬಂಡೆ ಪುಡಿಯಾದಂಥ ಮಣ್ಣು ಸಿಗುತ್ತದೆ. ಅದನ್ನು ಬೇರೆಯೇ ಇಡಿ. ಬಿಸಿಲಿಗೆ ಹಿಡಿದಾಗ ಕಾಗೆಬಂಗಾರ ಮಿರಮಿರ ಹೊಳೆದರೆ ಅದನ್ನು ಬ್ಲಾಕಿಗೆ ಬಳಸಬೇಡಿ. ಆ ಮಣ್ಣು ಎಷ್ಟು ಒತ್ತಿದರೂ ಸರಿಯಾಗಿ ಕೂರುವುದಿಲ್ಲ, ಒತ್ತಡ ಬಿಟ್ಟ ಕೂಡಲೇ ಉಬ್ಬುತ್ತದೆ.

ಮಣ್ಣು ಎಷ್ಟು ಬೇಕು? 230 × 190 × 100 ಮಿ.ಮೀ. ಅಳತೆಯ ಬ್ಲಾಕನ್ನು 190 ಮಿ.ಮೀ. ದಪ್ಪದ ಗೋಡೆಗೆ ಇಟ್ಟರೆ ಒಂದು ಚದರ ಮೀಟರಿಗೆ ಸುಮಾರು 37 ಬ್ಲಾಕ್. ಬಾಗಿಲು, ಕಿಟಕಿ ಕಳೆದು 100 ಚದರ ಮೀಟರ್ ಗೋಡೆ ಅಂದುಕೊಳ್ಳಿ. ಒಡೆಯುವುದು, ಕೆಡುವುದು ಸೇರಿ 4,000 ಬ್ಲಾಕ್. ಒಂದೊಂದು ಒಣಗಿದ ಮೇಲೆ 8 ಕಿಲೋ ತೂಗುತ್ತದೆ, ಒಟ್ಟು 32 ಟನ್. ಅದರಲ್ಲಿ ಸುಮಾರು ಅರ್ಧ ಮರಳು ಬೆರೆಯುವುದರಿಂದ ಮಣ್ಣು ಬೇಕಾಗುವುದು 15, 16 ಟನ್. ಅಂದರೆ ಹತ್ತು ಹನ್ನೆರಡು ಘನ ಮೀಟರ್. 10,000 ಲೀಟರಿನ ಸಂಪು ಮತ್ತು ಪಾಯದ ಗುಂಡಿಗಳಿಂದಲೇ ಬಹುತೇಕ ಅಷ್ಟು ಬರುತ್ತದೆ.

ಗದ್ದೆ ಮಣ್ಣು, ಕೆರೆ ಹೂಳು ಬೇಡ. ಬಿಟ್ಟಿ ಸಿಗುತ್ತದೆ ಅನ್ನುವುದು ನಿಜ, ಆದರೂ ಬೇಡ.

## 3. ಮಣ್ಣು ಪರೀಕ್ಷೆ ಮಾಡಿ

ಇದೇ ಎಲ್ಲಕ್ಕಿಂತ ಮುಖ್ಯ. ನೂರಕ್ಕೆ ತೊಂಬತ್ತು ಮಂದಿ ಹಾರಿಸುವುದೂ ಇದನ್ನೇ. "ಕೆಂಪು ಮಣ್ಣು ತಾನೇ ಸಾರ್, ನಡೀತದೆ ಬುಡಿ" ಅನ್ನುವ ಮಾತಿಗೆ ತಲೆಯಾಡಿಸಬೇಡಿ. ಬಣ್ಣ ನೋಡಿ ಜೇಡಿ ಎಷ್ಟಿದೆ ಅಂತ ಹೇಳಲು ಆಗುವುದಿಲ್ಲ.

ಗುರಿ ಏನು ಅಂತ ಮೊದಲು ತಿಳಿದುಕೊಳ್ಳಿ. ಸಿಮೆಂಟ್ ಬೆರೆಸುವ ಬ್ಲಾಕಿಗೆ ಜೇಡಿ ನೂರಕ್ಕೆ 10ರಿಂದ 15, ಮರಳು 65ಕ್ಕಿಂತ ಮೇಲೆ, ಉಳಿದದ್ದು ಎರಡರ ನಡುವಿನ ನಯವಾದ ಪುಡಿ. ಜೇಡಿ ಕಮ್ಮಿ ಆದರೆ ಯಂತ್ರದಿಂದ ತೆಗೆಯುವಾಗಲೇ ಬ್ಲಾಕ್ ಮುರಿಯುತ್ತದೆ. ಜಾಸ್ತಿ ಆದರೆ ಒಣಗುವಾಗ ಕುಗ್ಗಿ ಸೀಳುತ್ತದೆ, ಮಳೆಗೆ ಉಬ್ಬುತ್ತದೆ. ಮನೆ ಎದ್ದ ಮೇಲೆ ಬರುವ ಬಿರುಕಿನಲ್ಲಿ ಎಷ್ಟೋ ಈ ಎರಡನೇ ಜಾತಿಯವು.

ಬಾಟಲಿ ಪರೀಕ್ಷೆ. ಜರಡಿ ಹಿಡಿದ ಮಣ್ಣನ್ನು ಬಾಟಲಿಯ ಮೂರನೇ ಒಂದು ಭಾಗ ತುಂಬಿ. ಮೇಲೆ ನೀರು, ಒಂದು ಚಿಟಿಕೆ ಉಪ್ಪು. ಮುಚ್ಚಳ ಬಿಗಿದು ಚೆನ್ನಾಗಿ ಕುಲುಕಿ. ಒಂದು ಗಂಟೆ ಬಿಟ್ಟು ಮತ್ತೆ ಕುಲುಕಿ, ಸಮತಟ್ಟು ಜಾಗದಲ್ಲಿ ಇಡಿ. ಒಂದು ನಿಮಿಷದೊಳಗೆ ತಳದಲ್ಲಿ ಕೂರುವುದು ಮರಳು. ಆಗಲೇ ಅಲ್ಲೊಂದು ಗೆರೆ ಎಳೆದುಬಿಡಿ. ಒಂದೆರಡು ಗಂಟೆಯಲ್ಲಿ ಅದರ ಮೇಲೆ ನಯವಾದ ಪುಡಿ ಕೂರುತ್ತದೆ, ಅಲ್ಲಿ ಇನ್ನೊಂದು ಗೆರೆ. ಮಾರನೇ ದಿನ ನೀರು ತಿಳಿಯಾದ ಮೇಲೆ ಎಲ್ಲಕ್ಕಿಂತ ಮೇಲೆ ಕೂತಿರುವ ಬಣ್ಣದ ಪದರವೇ ಜೇಡಿ. ಮೂರನ್ನೂ ಅಳೆದು ಪಾಲು ಹಾಕಿ. ಜೇಡಿ ನೀರಿನಲ್ಲಿ ಸ್ವಲ್ಪ ಉಬ್ಬಿರುತ್ತದೆ, ಹಾಗಾಗಿ ಇರುವುದಕ್ಕಿಂತ ಕೊಂಚ ಜಾಸ್ತಿ ಕಾಣುತ್ತದೆ. ಇದು ಅಂದಾಜಿನ ಲೆಕ್ಕ. ಆದರೆ ಕಣ್ಣಳತೆಗಿಂತ ಸಾವಿರ ಪಾಲು ವಾಸಿ.

ಪೆಟ್ಟಿಗೆ ಪರೀಕ್ಷೆ. ಮರದ ಪೆಟ್ಟಿಗೆಯ ಒಳಗೆ ಎಣ್ಣೆ ಸವರಿ. ಮಣ್ಣನ್ನು ಮೆತ್ತಗೆ ಕಲಸಿ, ಗಾಳಿ ಉಳಿಯದಂತೆ ಮೂಲೆ ಮೂಲೆಗೂ ಒತ್ತಿ ತುಂಬಿ, ಮೇಲೆ ಸಮ ಮಾಡಿ. ನಾಲ್ಕೈದು ದಿನ ಬಿಸಿಲಿಗೆ ಬಿಡಿ. ಪೂರ್ತಿ ಒಣಗಿದ ಮೇಲೆ ಮಣ್ಣನ್ನೆಲ್ಲ ಒಂದು ಕೊನೆಗೆ ತಳ್ಳಿ, ಇನ್ನೊಂದು ಕೊನೆಯಲ್ಲಿ ಉಳಿದ ಸಂದನ್ನು ಅಳೆಯಿರಿ. 15 ಮಿ.ಮೀ. ಒಳಗಿದ್ದರೆ ಒಳ್ಳೆಯದು. 30 ದಾಟಿದರೆ ಮರಳು ಬೆರೆಸದೆ ಮುಂದೆ ಹೋಗಲೇಬೇಡಿ.

ಎಚ್ಚರಿಕೆಯ ಗುರುತು. ಒಣಗಿದ ಮಣ್ಣು ಮಧ್ಯದಲ್ಲಿ ಎದ್ದು ಕಮಾನಾದರೆ, ಇಲ್ಲವೇ ತುಂಡು ತುಂಡಾಗಿ ಸೀಳಿದರೆ ಅದು ಉಬ್ಬುವ ಜಾತಿಯ ಜೇಡಿ. ನಂಜನಗೂಡು, ತಿ. ನರಸೀಪುರ ಕಡೆ ಕೆಲವೆಡೆ ಸಿಗುವ ಎರೆ ಮಣ್ಣು ಹೀಗೆ. ಅದಕ್ಕೆ ಬರೀ ಸಿಮೆಂಟ್ ಸಾಲದು, ಸುಣ್ಣವೂ ಬೇಕು. ನನ್ನ ಕೇಳಿದರೆ, ಸೈಟಿನಲ್ಲಿ ಎರೆ ಮಣ್ಣಿದ್ದರೆ ಬ್ಲಾಕಿಗೆ ಹೊರಗಿನ ಕೆಂಪು ಮಣ್ಣು ತರಿಸಿ. ಅದಕ್ಕಿಂತ ಮೊದಲು ಪಾಯದ ಬಗ್ಗೆ ಎಂಜಿನಿಯರ್ ಹತ್ತಿರ ಮಾತಾಡಿ. ಎರೆ ನೆಲ ಮಳೆಗೆ ಹಿಗ್ಗಿ ಬೇಸಿಗೆಗೆ ಕುಗ್ಗುತ್ತದೆ, ಪಾಯವೇ ಅಲ್ಲಾಡಿದರೆ ಗೋಡೆ ಯಾವುದರಲ್ಲಿ ಕಟ್ಟಿದರೂ ಬಿರಿಯುತ್ತದೆ.

## 4. ಮರಳು ಎಷ್ಟು ಅಂತ ಲೆಕ್ಕ ಹಾಕಿ

ಬಾಟಲಿಯಲ್ಲಿ ಮರಳು 40, ನಯವಾದ ಪುಡಿ 30, ಜೇಡಿ 30 ಬಂತು ಅಂದುಕೊಳ್ಳಿ. ನಮ್ಮ ಕಡೆಯ ಕೆಂಪು ಮಣ್ಣಿನಲ್ಲಿ ಇಂಥ ಲೆಕ್ಕ ಅಪರೂಪವೇನಲ್ಲ. ಇಂಥ 100 ಕಿಲೋ ಮಣ್ಣಿಗೆ 100 ಕಿಲೋ ಮರಳು ಬೆರೆಸಿದರೆ ಒಟ್ಟು 200ರಲ್ಲಿ ಮರಳು 140, ಜೇಡಿ 30. ಅಂದರೆ ಮರಳು ನೂರಕ್ಕೆ 70, ಜೇಡಿ ನೂರಕ್ಕೆ 15. ಗುರಿ ಮುಟ್ಟಿತು. ನಿಮ್ಮ ಬಾಟಲಿಯ ಅಂಕಿ ಇಟ್ಟುಕೊಂಡು ಇದೇ ಲೆಕ್ಕ ಹಾಕಿ.

ಇದಕ್ಕೆ ಹೊಳೆ ಮರಳು ಬೇಕಿಲ್ಲ. ಎಂ ಸ್ಯಾಂಡ್ ಕೂಡ ದುಬಾರಿ ಅನ್ನಿಸಿದರೆ ಕ್ರಷರ್ ಡಸ್ಟ್ ಸಾಕು, 5 ಮಿ.ಮೀ. ಜರಡಿಯಲ್ಲಿ ಇಳಿಯಬೇಕು ಅಷ್ಟೇ. ಮಣ್ಣನ್ನೂ ಅದೇ ಜರಡಿಯಲ್ಲಿ ಹಿಡಿಯಿರಿ. ಒದ್ದೆ ಮಣ್ಣು ಜರಡಿಗೆ ಮೆತ್ತಿಕೊಳ್ಳುತ್ತದೆ, ಹಾಗಾಗಿ ಒಣಗಿದ ಮೇಲೆ ಈ ಕೆಲಸ ಮುಗಿಸಿ ಪ್ಲಾಸ್ಟಿಕ್ ಹಾಳೆ ಮುಚ್ಚಿಡಿ. ಗೋಲಿ ಗಾತ್ರದ ಜೇಡಿ ಉಂಡೆ ಒಳಗೆ ಸೇರಿಕೊಂಡರೆ, ಮೊದಲ ಮಳೆಗೇ ಅದು ಕರಗಿ ಗೋಡೆಯಲ್ಲಿ ಗುಳಿ ಬೀಳುತ್ತದೆ.

## 5. ಪ್ರಯೋಗಕ್ಕೆ ಸ್ವಲ್ಪ ಬ್ಲಾಕ್ ಒತ್ತಿ ನೋಡಿ

ಎಲ್ಲಾ 4,000 ಒತ್ತುವ ಮುಂಚೆ ಎರಡು ಮೂರು ಹದದಲ್ಲಿ ಹತ್ತು ಹತ್ತು ಬ್ಲಾಕ್ ಮಾಡಿ. ಸಿಮೆಂಟ್ ತೂಕದಲ್ಲಿ ನೂರಕ್ಕೆ 7, 8. ಅದಕ್ಕಿಂತ ಜಾಸ್ತಿ ಬೇಕಾಗುತ್ತಿದೆ ಅಂದರೆ ಮಣ್ಣಿನ ಹದ ತಪ್ಪಿದೆ ಅಂತ ಅರ್ಥ. ನಾಲ್ಕನೇ ಹಂತಕ್ಕೆ ವಾಪಸ್ ಹೋಗಿ, ಸಿಮೆಂಟ್ ಸುರಿಯುತ್ತಾ ಕೂರಬೇಡಿ.

28 ದಿನ ಕ್ಯೂರಿಂಗ್ (ನೀರು ಚಿಮುಕಿಸಿ ಗಟ್ಟಿಯಾಗಲು ಬಿಡುವುದು, ವಿವರ ಎಂಟನೇ ಹಂತದಲ್ಲಿ) ಆದ ಮೇಲೆ ಒಂದು ಬ್ಲಾಕನ್ನು ಎರಡು ದಿನ ನೀರಲ್ಲಿ ಮುಳುಗಿಸಿಡಿ. ತೆಗೆದಾಗ ಅಂಚು ಚೂಪಾಗಿಯೇ ಇರಬೇಕು, ಬಕೆಟಿನ ತಳದಲ್ಲಿ ಮಣ್ಣು ಕೂತಿರಬಾರದು. ಉಗುರಲ್ಲಿ ಕೆರೆದರೆ ಗೀರು ಬೀಳಬಹುದು, ಪುಡಿ ಉದುರಬಾರದು. ಆಮೇಲೆ ಐದಾರು ಬ್ಲಾಕನ್ನು ಲ್ಯಾಬಿಗೆ ಕೊಡಿ. ಸಿವಿಲ್ ವಿಭಾಗ ಇರುವ ಎಂಜಿನಿಯರಿಂಗ್ ಕಾಲೇಜುಗಳು ಮೈಸೂರಲ್ಲೂ ಇವೆ, ಮಂಡ್ಯದಲ್ಲೂ ಇವೆ, ಫೋನ್ ಮಾಡಿ ವಿಚಾರಿಸಿ. ಕೇಳಬೇಕಾದದ್ದು ನೆಂದ ಬ್ಲಾಕಿನ ಒತ್ತಡ ತಾಳುವ ಶಕ್ತಿ. ಒಣ ಬ್ಲಾಕಿನ ಅಂಕಿ ಯಾವಾಗಲೂ ಚೆಂದ ಕಾಣುತ್ತದೆ, ಅದನ್ನು ನಂಬಬೇಡಿ. ಒಂದೆರಡು ಅಂತಸ್ತಿನ ಮನೆಗೆ ನೆಂದಾಗ ಚದರ ಮಿ.ಮೀ.ಗೆ 3 ನ್ಯೂಟನ್‌ಗಿಂತ ಮೇಲೆ ಬಂದರೆ ಧೈರ್ಯವಾಗಿ ಮುಂದೆ ಹೋಗಬಹುದು.

ಆ ವರದಿಯನ್ನು ಜೋಪಾನವಾಗಿ ಇಡಿ. ಸಾಲ ಕೊಡುವ ಬ್ಯಾಂಕಿನ ಎಂಜಿನಿಯರ್ "ಮಣ್ಣಿನ ಗೋಡೆನಾ?" ಅಂತ ಹುಬ್ಬು ಏರಿಸಿದಾಗ ತೋರಿಸಲು ಬೇಕು. ಈ ಬ್ಲಾಕುಗಳಿಗೆ ಐಎಸ್ 1725 ಅನ್ನುವ ಭಾರತೀಯ ಮಾನದಂಡ ಇದೆ ಅನ್ನುವುದನ್ನೂ ಹೇಳಿ.

## 6. ಪ್ಲ್ಯಾನನ್ನು ಬ್ಲಾಕಿನ ಅಳತೆಗೆ ಕೂರಿಸಿ

28 ದಿನ ಕಾಯುವ ಹೊತ್ತಿನಲ್ಲಿ ಮಾಡುವ ಕೆಲಸ ಇದು. ಬ್ಲಾಕಿನ ಉದ್ದ 230, ಗಾರೆ ಸಂದು 12, ಸೇರಿ 242 ಮಿ.ಮೀ. ಎತ್ತರದಲ್ಲಿ ಒಂದು ವರಸೆಗೆ 112 ಮಿ.ಮೀ. ಕಿಟಕಿಯ ಕೆಳಗೆ 8 ವರಸೆ ಬಂದರೆ ಸುಮಾರು 90 ಸೆಂ.ಮೀ. ಲಿಂಟಲ್ (ಬಾಗಿಲು ಕಿಟಕಿಯ ಮೇಲೆ ಬರುವ ತೊಲೆ) ಕೆಳಗೆ 19 ವರಸೆ ಬಂದರೆ 2.13 ಮೀಟರ್, ಅಂದರೆ ಸರಿಯಾಗಿ 7 ಅಡಿ. ಗೋಡೆಯ ಉದ್ದ, ಬಾಗಿಲು ಕಿಟಕಿಗಳ ಜಾಗ ಎಲ್ಲವನ್ನೂ ಈ ಲೆಕ್ಕಕ್ಕೆ ಹೊಂದಿಸಿ. ಹೊಂದಿಸದಿದ್ದರೆ ಮೇಸ್ತ್ರಿ ಪ್ರತಿ ವರಸೆಯಲ್ಲೂ ಬ್ಲಾಕ್ ಕಡಿಯುತ್ತಾರೆ, ಸಂದು ಗೊಂದು ಕಾಣುತ್ತದೆ. ಪ್ಲಾಸ್ಟರ್ ಇಲ್ಲದ ಗೋಡೆಯಲ್ಲಿ ಏನೂ ಮುಚ್ಚಿಡಲು ಆಗುವುದಿಲ್ಲ, ಅಲ್ವಾ?

ಅರ್ಧ ಬ್ಲಾಕ್, ಮುಕ್ಕಾಲು ಬ್ಲಾಕ್ ನೂರಕ್ಕೆ ಹತ್ತರಷ್ಟು ಯಂತ್ರದಲ್ಲೇ ಒತ್ತಿಸಿ. ಪೆಟ್ಟಿಗೆಯೊಳಗೆ ತಡೆ ತಟ್ಟೆ ಇಟ್ಟರೆ ಬರುತ್ತದೆ.

ಮೂಲೆಯಿಂದ ಕಿಟಕಿಗೆ, ಒಂದು ಕಿಟಕಿಯಿಂದ ಇನ್ನೊಂದಕ್ಕೆ ಕನಿಷ್ಠ 60 ಸೆಂ.ಮೀ. ಗೋಡೆ ಬಿಡಿ. ಭಾರದ ಬೀಮ್ ಗೋಡೆ ಮೇಲೆ ಕೂರುವ ಕಡೆ ಬ್ಲಾಕಿನ ಮೇಲೆ ನೇರ ಕೂರಿಸದೆ ಕೆಳಗೆ ಕಾಂಕ್ರೀಟ್ ದಿಂಬು ಕೊಡಿಸಿ.

ಬಿಸಿಲಿನ ವಿಚಾರವನ್ನೂ ಇಲ್ಲೇ ಮುಗಿಸಿಕೊಳ್ಳಿ. ಮೈಸೂರು ಇರುವುದು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ 20ರ ತನಕ ಮಧ್ಯಾಹ್ನದ ಸೂರ್ಯ ನಮ್ಮ ತಲೆಯಿಂದ ಉತ್ತರಕ್ಕೆ ಇರುತ್ತಾನೆ. ಉತ್ತರದ ಕಿಟಕಿಗೆ ಬಿಸಿಲೇ ಬರಲ್ಲ ಅಂತ ಸಜ್ಜ ಬಿಡಿಸುವವರು ಇದನ್ನು ಗಮನಿಸಿ. ಸಜ್ಜ ನಾಲ್ಕೂ ಕಡೆ ಬೇಕು, ಎರಡಡಿ ಇರಲಿ. ಪಶ್ಚಿಮಕ್ಕೆ ಬಚ್ಚಲು, ಮೆಟ್ಟಿಲು, ಉಗ್ರಾಣ ಹಾಕಿದರೆ ಮಲಗುವ ಕೋಣೆ ಸಂಜೆಯ ಕಾವಿನಿಂದ ಬಚಾವ್.

## 7. ಬ್ಲಾಕ್ ಒತ್ತುವ ಕೆಲಸ

ಪ್ರಯೋಗ ಮುಗಿಯಿತು, ಈಗ ಪೂರ್ತಿ ಕೆಲಸಕ್ಕೆ ಯಂತ್ರ ತರಿಸಿ. ಒಂದು ಸಲಕ್ಕೆ ಹನ್ನೆರಡು ಬ್ಲಾಕಿಗಾಗುವಷ್ಟೇ ಕಲಸಿ: ಹದ ಮಾಡಿದ ಮಣ್ಣು ಮರಳು 90 ಕಿಲೋ, ಸಿಮೆಂಟ್ 7 ಕಿಲೋ. ಒಂದು ಮೂಟೆ ಸಿಮೆಂಟಿಗೆ ಹೀಗೆ ಏಳು ಸಲ, ಅಂದರೆ 84 ಬ್ಲಾಕ್ ಬರುತ್ತದೆ. ಮೊದಲು ಒಣದರಲ್ಲೇ ಬಣ್ಣ ಒಂದೇ ಸಮ ಆಗುವವರೆಗೆ ತಿರುವಿ ಹಾಕಿ. ಅಲ್ಲಲ್ಲಿ ಬೂದು ಪಟ್ಟೆ ಕಂಡರೆ ಇನ್ನೂ ಕಲಸಬೇಕು.

ನೀರನ್ನು ಚೊಂಬಲ್ಲಿ ಸುರಿಯಬೇಡಿ, ರೋಸ್ ಕ್ಯಾನಿನಲ್ಲಿ ಚಿಮುಕಿಸಿ. ಮಣ್ಣು ಪೂರ್ತಿ ಒಣಗಿದ್ದರೆ ಇಷ್ಟಕ್ಕೆ ಹತ್ತು ಲೀಟರ್ ಆಸುಪಾಸು ಹಿಡಿಯುತ್ತದೆ, ಮಣ್ಣಲ್ಲೇ ತೇವ ಇದ್ದರೆ ಕಮ್ಮಿ. ಸರಿಯಾದ ಹದ ತಿಳಿಯಲು ಕೈಯೇ ಮೀಟರ್. ಒಂದು ಹಿಡಿ ತೆಗೆದು ಮುದ್ದೆ ಕಟ್ಟಿ, ಸೊಂಟದ ಎತ್ತರದಿಂದ ಗಟ್ಟಿ ನೆಲಕ್ಕೆ ಬಿಡಿ. ನಾಲ್ಕೈದು ಹೋಳಾದರೆ ಹದ ಬಂದಿದೆ. ಪುಡಿಯಾಗಿ ಚೆಲ್ಲಿದರೆ ನೀರು ಸಾಲದು. ಚಪ್ಪಟೆಯಾಗಿ ಹಾಗೇ ಕೂತರೆ ಜಾಸ್ತಿಯಾಗಿದೆ. ಪ್ರತಿ ಕಲಸಿಗೂ ಇದನ್ನು ಮಾಡಿ, ಬೆಳಿಗ್ಗೆ ಒಂದು ಸಲ ನೋಡಿ ಬಿಡೋದಲ್ಲ. ಮಧ್ಯಾಹ್ನದ ಬಿಸಿಲಿಗೆ ಹದ ಬದಲಾಗಿರುತ್ತದೆ.

ಇಲ್ಲೊಂದು ಜಗ್ಗಾಟ ಇದ್ದೇ ಇರುತ್ತದೆ. "ಇನ್ನೊಂದು ಚೊಂಬು ನೀರು ಬುಟ್ರೆ ಸಲೀಸಾಗಿ ಒತ್ತಬೋದು ಸಾರ್" ಅಂತ ಹುಡುಗರು ಕೇಳುತ್ತಾರೆ. ಒತ್ತುವುದು ಸಲೀಸಾಗುವುದು ನಿಜ. ಆದರೆ ಒಳಗೆ ನೀರಿದ್ದ ಜಾಗ ಒಣಗಿದ ಮೇಲೆ ಪೊಳ್ಳು. ಬೇಡ ಅನ್ನಿ.

ಈಗ ತಕ್ಕಡಿಯ ವಿಷಯ. ಬ್ಲಾಕಿನ ಗಟ್ಟಿತನ ನಿಂತಿರುವುದು ಸಿಮೆಂಟಿನ ಜೊತೆಗೆ ಮಣ್ಣು ಎಷ್ಟು ಒತ್ತಿ ಕೂತಿದೆ ಅನ್ನುವುದರ ಮೇಲೆ. ಯಂತ್ರದ ಪೆಟ್ಟಿಗೆಯ ಗಾತ್ರ ಬದಲಾಗುವುದಿಲ್ಲ. ಹಾಗಾಗಿ ಒಳಗೆ ಹಾಕುವ ತೂಕ ಕಮ್ಮಿಯಾದರೆ ಬ್ಲಾಕ್ ನೋಡಲು ಅಷ್ಟೇ ಇರುತ್ತದೆ, ಒಳಗೆ ಸಡಿಲ. ಈ ಅಳತೆಯ ಬ್ಲಾಕಿಗೆ ಒದ್ದೆ ಮಣ್ಣು ಸುಮಾರು 9 ಕಿಲೋ ಬೀಳಬೇಕು. ಪ್ರಯೋಗದಲ್ಲಿ ಚೆನ್ನಾಗಿ ಬಂದ ಬ್ಲಾಕಿಗೆ ಎಷ್ಟು ಹಾಕಿದ್ದಿರೋ ಅದನ್ನೇ ಗೊತ್ತು ಮಾಡಿ, ಪ್ರತಿ ಬ್ಲಾಕಿಗೂ ತೂಗಿ ಹಾಕಿಸಿ. ಬಾಂಡ್ಲಿ ಲೆಕ್ಕದಲ್ಲಿ ಹಾಕಿದರೆ ಸಂಜೆ ಆಗುತ್ತಾ ಆಗುತ್ತಾ ಬಾಂಡ್ಲಿ ಹಗುರ ಆಗುತ್ತಾ ಹೋಗುತ್ತದೆ. ಹಿಡಿಕೆ ತೀರಾ ಸುಲಭವಾಗಿ ಇಳಿಯುತ್ತಿದ್ದರೆ ಅದೇ ಎಚ್ಚರಿಕೆಯ ಗುರುತು.

ನೀರು ಬಿದ್ದ ಮಣ್ಣು ಅರ್ಧ ಗಂಟೆಯಲ್ಲಿ ಖಾಲಿಯಾಗಬೇಕು. ಕಾಫಿಗೆ ಹೋಗುವ ಮುಂಚೆ ಕಲಸಿಟ್ಟು ಬಂದು ಒತ್ತುವ ಅಭ್ಯಾಸ ಬಿಡಿಸಿ. ಮಿಕ್ಕಿದ್ದಕ್ಕೆ ನೀರು ಸೇರಿಸಿ ಮತ್ತೆ ಬಳಸುವುದೂ ಬೇಡ, ಗಿಡದ ಪಾತಿಯ ಅಂಚಿಗೆ ಹಾಕಿ.

ಬ್ಲಾಕ್ ಹೊರಗೆ ಬಂದಾಗ ಎರಡೂ ಅಂಗೈ ಚಪ್ಪಟೆಯಾಗಿ ಇಟ್ಟು ಎತ್ತಬೇಕು. ಬೆರಳ ತುದಿಯಲ್ಲಿ ಹಿಡಿದರೆ ಮೂಲೆ ಹೋಗುತ್ತದೆ. ಕೈಯಂತ್ರದಲ್ಲಿ ಪಳಗಿದ ತಂಡ ದಿನಕ್ಕೆ 400, 500 ಒತ್ತಬಹುದು. ಮೊದಲ ವಾರ ಅದರ ಅರ್ಧ ಬಂದರೂ ಸಮಾಧಾನ ಪಟ್ಟುಕೊಳ್ಳಿ. ಎಣಿಕೆಗೆ ಕೂಲಿ ಮಾತಾಡಬೇಡಿ, ದಿನಗೂಲಿ ಕೊಡಿ. ಎಣಿಕೆ ಕೂಲಿಯಲ್ಲಿ ಮೊದಲು ಮಾಯವಾಗುವುದು ತಕ್ಕಡಿ.

## 8. ಕ್ಯೂರಿಂಗ್

ನೆರಳಲ್ಲಿ ಐದಾರು ವರಸೆ ಎತ್ತರಕ್ಕೆ, ಮಧ್ಯೆ ಬೆರಳಗಲ ಸಂದು ಬಿಟ್ಟು ಜೋಡಿಸಿ. ನೆಲ ಸಮ ಇರಲಿ, ಇಲ್ಲದಿದ್ದರೆ ಕೆಳಗಿನ ಹಸಿ ಬ್ಲಾಕ್ ಬಾಗುತ್ತದೆ. ಮೇಲೆ ಭತ್ತದ ಹುಲ್ಲೋ ಕಬ್ಬಿನ ತರಗೋ ಗೋಣಿಚೀಲವೋ ಹೊದಿಸಿ. ಮಾರನೇ ದಿನದಿಂದ ಬೆಳಿಗ್ಗೆ ಸಂಜೆ ನೀರು ಚಿಮುಕಿಸಿ. ಪೈಪಿನಲ್ಲಿ ರಭಸವಾಗಿ ಹೊಡೆದರೆ ಮೈ ಕೊಚ್ಚಿಹೋಗುತ್ತದೆ. ಮೂರು ವಾರ ಹೀಗೆ ನಡೆಯಬೇಕು, ನಾಲ್ಕನೇ ವಾರ ಒಣಗಲು ಬಿಡಿ.

ಎರಡನೇ ವಾರಕ್ಕೆ ಎಲ್ಲರಿಗೂ ಬೇಜಾರು ಬರುತ್ತದೆ. ಬ್ಲಾಕ್ ಗಟ್ಟಿಯಾಗಿ ಕಾಣುತ್ತದೆ, ಬಡಿದರೆ ಸದ್ದೂ ಬರುತ್ತದೆ. ಮೋಸ ಹೋಗಬೇಡಿ, ಸಿಮೆಂಟ್ ಇಲ್ಲದ ಬರೀ ಮಣ್ಣು ಒಣಗಿದರೂ ಹಾಗೇ ಕಾಣುತ್ತದೆ. ಹೊದಿಕೆ ಎತ್ತಿ ನೋಡಿ. ಬ್ಲಾಕಿನ ಬಣ್ಣ ತಿಳಿಯಾಗಿದ್ದರೆ ನೀರು ತಪ್ಪಿದೆ, ಗಾಢವಾಗಿದ್ದರೆ ನಡೆಯುತ್ತಿದೆ. ಒಂದೊಂದು ರಾಶಿಗೂ ಒತ್ತಿದ ತಾರೀಖು ಬರೆದ ಚೀಟಿ ಸಿಕ್ಕಿಸಿ. ಇಲ್ಲದಿದ್ದರೆ ಗೋಡೆ ಕೆಲಸದ ಅವಸರದಲ್ಲಿ ಹತ್ತು ದಿನದ ಬ್ಲಾಕೂ ಸೇರಿಹೋಗುತ್ತದೆ.

## 9. ಪಾಯ ಮತ್ತು ಗೋಡೆಯ ಬುಡ

ಸೈಜುಗಲ್ಲಿನ ಪಾಯ ಈ ಮನೆಗಳಿಗೆ ಚೆನ್ನಾಗಿ ಒಗ್ಗುತ್ತದೆ. ನೆಲಮಟ್ಟದಿಂದ ಒಂದೂವರೆ ಅಡಿಯಾದರೂ ಕಲ್ಲು ಮೇಲೆ ಬರಲಿ. ನಾಲೆ ಬಯಲಿನ ಊರುಗಳಲ್ಲಿ ಎರಡಡಿ ಮಾಡಿ. ವಿಸಿ (ವಿಶ್ವೇಶ್ವರಯ್ಯ) ನಾಲೆಯಲ್ಲಿ ನೀರು ಬಿಟ್ಟಾಗ ಅಲ್ಲಿ ನೆಲದ ತೇವವೇ ಏರುತ್ತದೆ. ಕಲ್ಲಿನ ಮೇಲೆ ಕಾಂಕ್ರೀಟ್ ಬೆಲ್ಟ್, ಅದರಲ್ಲಿ ನೀರು ತಡೆಯುವ ಪುಡಿ ಬೆರೆಸಿ ತೇವ ಮೇಲೇರದಂತೆ ಮಾಡಿ. ಗೆದ್ದಲಿನ ಔಷಧಿಯನ್ನು ಪಾಯ ಮುಚ್ಚುವ ಮುಂಚೆಯೇ ಹಾಕಿಸಿ. ಗೆದ್ದಲು ಈ ಬ್ಲಾಕನ್ನು ತಿನ್ನುವುದಿಲ್ಲ, ಆದರೆ ಗೋಡೆ ಹಿಡಿದು ಮೇಲೆ ಹತ್ತಿ ಬಾಗಿಲಿನ ಚೌಕಟ್ಟು ತಿನ್ನುತ್ತದೆ.

## 10. ಗೋಡೆ ಕಟ್ಟುವುದು

ಗಾರೆ ಬ್ಲಾಕಿಗಿಂತ ಗಟ್ಟಿ ಇರಬಾರದು. ಮೇಸ್ತ್ರಿಗಳಿಗೆ ಒಪ್ಪಿಸಲು ಕಷ್ಟವಾಗುವ ಮಾತು ಇದು. 1 ಪಾಲು ಸಿಮೆಂಟ್, 2 ಪಾಲು ಜರಡಿ ಹಿಡಿದ ಕೆಂಪು ಮಣ್ಣು, 6 ಪಾಲು ಮರಳು ಹಾಕಿ. ಗಾರೆ ಮೆದುವಾಗಿ ಹರಡುತ್ತದೆ, ಬ್ಲಾಕಿನ ಬಣ್ಣಕ್ಕೂ ಹೊಂದುತ್ತದೆ. ಬಿಗಿ ಸಿಮೆಂಟ್ ಗಾರೆ ಹಾಕಿದರೆ ಗೋಡೆ ಸ್ವಲ್ಪ ಮಿಸುಕಿದಾಗ ಸಂದು ಬಿಡುವ ಬದಲು ಬ್ಲಾಕೇ ಸೀಳುತ್ತದೆ.

ಇಡುವ ಮುಂಚೆ ಬ್ಲಾಕಿನ ಮೈ ಒದ್ದೆ ಮಾಡಿ, ನೆನೆಸಿಡಬೇಡಿ. ದಿನಕ್ಕೆ ನಾಲ್ಕಡಿಗಿಂತ ಮೇಲೆ ಏರಿಸಬೇಡಿ. ಬುಡದ ಹಸಿ ಗಾರೆ ಭಾರಕ್ಕೆ ಹಿಸುಕಿಹೋದರೆ ಗೋಡೆ ವಾಲುತ್ತದೆ. ಸಂಜೆ ಕೆಲಸ ಬಿಡುವಾಗ ಪ್ಲಾಸ್ಟಿಕ್ ಹಾಳೆ ಮುಚ್ಚಿಸಿ, ಸಂದುಗಳಿಂದ ಇಳಿದ ಗಾರೆಯನ್ನು ಆಗಲೇ ಒರೆಸಿಸಿ. ಮಾರನೇ ದಿನ ಒರೆಸಿದರೆ ಕಲೆ ಹೋಗುವುದಿಲ್ಲ.

ಲಿಂಟಲ್ ಮಟ್ಟದಲ್ಲಿ ಕಂಬಿ ಹಾಕಿದ ಕಾಂಕ್ರೀಟ್ ಬೆಲ್ಟ್ ಎಲ್ಲಾ ಗೋಡೆಗಳ ಮೇಲೂ ಎಲ್ಲೂ ಕಡಿಯದೆ ಸುತ್ತಿ ಬರಬೇಕು. ಬರೀ ಕಿಟಕಿ ಬಾಗಿಲ ಮೇಲೆ ಹಾಕಿ ಉಳಿಸುವ ದುಡ್ಡು ಆಮೇಲೆ ಬಿರುಕು ಮುಚ್ಚಲು ಖರ್ಚಾಗುತ್ತದೆ.

## 11. ವೈರಿಂಗ್, ಪ್ಲಂಬಿಂಗ್

ಕಟ್ಟಿದ ಮೇಲೆ ಗೋಡೆ ಕಡಿಯುವಂತಿಲ್ಲ. ಮಿಕ್ಕ ಮನೆಗಳಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಎಲೆಕ್ಟ್ರಿಷಿಯನ್ ಗೋಡೆ ಶುರುವಾಗುವ ದಿನವೇ ಸೈಟಿನಲ್ಲಿ ಇರಬೇಕು. ಸ್ವಿಚ್ ಬೋರ್ಡ್ ಎಲ್ಲಿ, ಎಷ್ಟನೇ ವರಸೆಯಲ್ಲಿ ಅಂತ ಪ್ಲ್ಯಾನಿನ ಮೇಲೆ ಗುರುತು ಹಾಕಿ. ಪೈಪು, ಬಾಕ್ಸ್ ಎರಡನ್ನೂ ಕಟ್ಟುತ್ತಲೇ ಒಳಗೆ ಕೂರಿಸಿ. ಎಸಿ, ಇನ್ವರ್ಟರ್, ವೈಫೈ, ಮುಂದೆ ಬರಬಹುದಾದ ಸೋಲಾರ್, ಎಲ್ಲಕ್ಕೂ ಖಾಲಿ ಪೈಪು ಬಿಟ್ಟಿರಿ.

ನೀರಿನ ಪೈಪನ್ನು ಬ್ಲಾಕ್ ಗೋಡೆಯೊಳಗೆ ಹಾಕಲೇಬೇಡಿ. ಬಚ್ಚಲು ಮತ್ತು ಅಡುಗೆಮನೆ ಸಿಂಕ್ ಇರುವ ಗೋಡೆಯನ್ನು ಸುಟ್ಟ ಇಟ್ಟಿಗೆಯಲ್ಲಿ ಕಟ್ಟಿಸಿ, ಪ್ಲಾಸ್ಟರ್ ಮಾಡಿ ಟೈಲ್ಸ್ ಹಾಕಿ. ಇದರಲ್ಲಿ ಹಟ ಬೇಡ.

## 12. ಹೊರಮೈ

ಸಂದುಗಳಿಗೆ ಪಾಯಿಂಟಿಂಗ್ ಮಾಡಿಸಿ, ಗೋಡೆ ಪೂರ್ತಿ ಒಣಗಿದ ಮೇಲೆ ಮಳೆ ಹೊಡೆಯುವ ಕಡೆಗೆ ಸಿಲಿಕೋನ್ ನೀರು ನಿರೋಧಕ ಬಳಿಯಿರಿ. ಅದು ಕಣ್ಣಿಗೆ ಕಾಣುವುದಿಲ್ಲ, ಗೋಡೆಯ ಉಸಿರಾಟವನ್ನೂ ಕಟ್ಟುವುದಿಲ್ಲ. ಹೊಳಪು ಬರಲಿ ಅಂತ ವಾರ್ನಿಷ್, ಎನಾಮೆಲ್ ಬಳಿದರೆ ಒಳಗಿನ ತೇವ ಹೊರಗೆ ಹೋಗಲಾರದೆ ಪದರ ಪದರವಾಗಿ ಏಳುತ್ತದೆ. ಒಳಗೆ ಬೆಳಕು ಬೇಕೆನ್ನಿಸಿದರೆ ಒಂದೆರಡು ಗೋಡೆಗೆ ಸುಣ್ಣ ಹೊಡೆಸಿ.

ಮೊದಲ ಮಳೆಗಾಲದಲ್ಲಿ ಗೋಡೆಯ ಕೆಳಗಿನ ಎರಡು ವರಸೆ ಮೇಲೆ ಕಣ್ಣಿಡಿ. ಅಲ್ಲಿ ಮೈ ಸವೆಯುತ್ತಿದ್ದರೆ ಸಜ್ಜದಿಂದ ಬಿದ್ದ ನೀರು ನೆಲಕ್ಕೆ ಬಡಿದು ಸಿಡಿಯುತ್ತಿದೆ. ನೀರು ಬೀಳುವ ಜಾಗಕ್ಕೆ ಒಂದಡಿ ಅಗಲ ಜಲ್ಲಿ ಹರಡಿದರೆ ಸಾಕು. ಬಿಳಿ ಪುಡಿ ಕಂಡರೆ ಅದು ಉಪ್ಪು, ಒಣ ಬ್ರಷ್‌ನಲ್ಲಿ ಉಜ್ಜಿ ತೆಗೆಯಿರಿ, ತೊಳೆಯಬೇಡಿ. ಮತ್ತೆ ಮತ್ತೆ ಅದೇ ಜಾಗದಲ್ಲಿ ಬರುತ್ತಿದ್ದರೆ ಎಲ್ಲೋ ನೀರು ಜಿನುಗುತ್ತಿದೆ, ಪೈಪ್ ನೋಡಿಸಿ.

## ಒತ್ತಿಸಲು ಜಾಗ ಇಲ್ಲದವರಿಗೆ

30 × 40 ಸೈಟಿನಲ್ಲಿ ಮಣ್ಣಿನ ರಾಶಿ, ಯಂತ್ರ, 4,000 ಬ್ಲಾಕ್ ಎಲ್ಲಾ ಇಡಲು ಆಗುವುದಿಲ್ಲ ಅನ್ನುವುದು ನಿಜವಾದ ತೊಂದರೆಯೇ. ಪಕ್ಕದ ಖಾಲಿ ಸೈಟಿನವರನ್ನು ಎರಡು ತಿಂಗಳಿಗೆ ಕೇಳಿ ನೋಡಿ. ಅದೂ ಆಗದಿದ್ದರೆ ರೆಡಿ ಬ್ಲಾಕ್ ಕೊಳ್ಳಿ. ಆಗ ಒಂದರಿಂದ ಐದನೇ ಹಂತದ ಕೆಲಸವೆಲ್ಲ ನಾಲ್ಕು ಪ್ರಶ್ನೆಯಾಗುತ್ತದೆ: ಮಣ್ಣು ಎಲ್ಲಿಯದು, ಸಿಮೆಂಟ್ ಎಷ್ಟು, ಒತ್ತಿದ ತಾರೀಖು ಯಾವುದು, ನೆಂದ ಬ್ಲಾಕಿನ ಲ್ಯಾಬ್ ವರದಿ ಇದೆಯಾ?

ಅವರು ಎತ್ತಿಕೊಡುವ ಸ್ಯಾಂಪಲ್ ತರಬೇಡಿ. ರಾಶಿಯ ನಡುವಿನಿಂದ ನೀವೇ ನಾಲ್ಕು ಆರಿಸಿ, ತೂಗಿ ನೋಡಿ. ನಾಲ್ಕರ ತೂಕದಲ್ಲಿ ಅರ್ಧ ಕಿಲೋ ಏರುಪೇರಿದ್ದರೆ ಅಲ್ಲಿ ತೂಗಿ ಹಾಕುವ ಅಭ್ಯಾಸ ಇಲ್ಲ. ಮನೆಗೆ ತಂದು ಎರಡು ದಿನ ಬಕೆಟಿನಲ್ಲಿ ಮುಳುಗಿಸಿಡಿ, ಅಡ್ವಾನ್ಸ್ ಆಮೇಲೆ ಕೊಡಿ.